ಗುಜರಿ ಸಾಮಾನಿನ ಬುಲೆಟ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ಗುಜರಿ ಸಾಮಾನು ಕೂಡಿಸಿ ಹಳೆಯ ಬುಲೆಟ್ ಬೈಕ್ ಕಟ್ಟುವವರು ಬಹಳಷ್ಟು ಸಲ ಪೆಟ್ರೋಲ್ ಟಾಕಿಯಿಂದ ಶುರು ಮಾಡುತ್ತಾರೆ. ಟಾಕಿಗೆ ಬಣ್ಣ, ಮಡ್‌ಗಾರ್ಡಿಗೆ ಕ್ರೋಮ್, ಆಮೇಲೆ ಹೊಸ ಸೀಟು. ಎಂಜಿನ್ ಬಿಚ್ಚುವ ಹೊತ್ತಿಗೆ ಜೇಬು ಖಾಲಿ. ಅಂಥ ಗಾಡಿ ಬೆಳಗಾವಿಯ ಕಾಲೇಜ್ ರೋಡಿನಲ್ಲಿ ಚಂದ ಕಾಣುತ್ತದೆ, ಗೋವಾ ದಾರಿಯ ಚೋರ್ಲಾ ಘಾಟಿನಲ್ಲಿ ಕೆಟ್ಟು ನಿಲ್ಲುತ್ತದೆ. ದೂರ ಓಡಿಸುವ ಗಾಡಿ ಬೇಕಿದ್ದರೆ ಕ್ರಮ ತಿರುವುಮುರುವಾಗಬೇಕು: ಮೊದಲು ಕಾಗದಪತ್ರ, ನಂತರ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ಶಾಫ್ಟು), ನಂತರ ಬ್ರೇಕ್, ಆಮೇಲೆ ವೈರಿಂಗ್. ಬಣ್ಣ ಕೊನೆಗೆ, ದುಡ್ಡು ಉಳಿದರೆ.

ಇಲ್ಲಿ ಬರೆಯುತ್ತಿರುವುದು ಕಾಸ್ಟ್ ಐರನ್ (ಬೀಡುಕಬ್ಬಿಣ) ಎಂಜಿನ್ನಿನ ರಾಯಲ್ ಎನ್‌ಫೀಲ್ಡ್ 350 ಬುಲೆಟ್ ಬಗ್ಗೆ. 70 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 90 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ), 346 ಸಿಸಿ, ಪಾಯಿಂಟ್ ಇಗ್ನಿಷನ್ (ತೆರೆದು ಮುಚ್ಚುವ ಪಾಯಿಂಟಿನಿಂದ ಕಿಡಿ), ಬಲಗಾಲಿಗೆ 4 ಗೇರು. ಯೆಜ್ಡಿ ಯಾಕೆ ಬೇಡ ಎಂದು ಕೇಳುವವರಿದ್ದಾರೆ. ನಮ್ಮ ರಾಜ್ಯದ್ದೇ ಗಾಡಿ, ಪ್ರೀತಿ ಸಹಜ. ಆದರೆ ಮೈಸೂರಿನ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ, ಒಳ್ಳೆಯ ಮೂಲ ಸಾಮಾನು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಬುಲೆಟ್ ಮದ್ರಾಸಿನಲ್ಲಿ 1955ರಿಂದ ತಯಾರಾಗತೊಡಗಿ, ದಶಕಗಟ್ಟಲೆ ದೊಡ್ಡ ಬದಲಾವಣೆ ಇಲ್ಲದೆ ಬಂತು. ಹೀಗಾಗಿ ಒಂದು ಕಾಲದ ಗಾಡಿಯ ಸಾಮಾನು ಇನ್ನೊಂದು ಕಾಲದ್ದಕ್ಕೆ ಬಹುತೇಕ ಕೂಡುತ್ತದೆ. ಗುಜರಿಯಿಂದ ಕಟ್ಟುವವರಿಗೆ ಇದೇ ದೊಡ್ಡ ಲಾಭ.

ಬೆಳಗಾವಿಯವರಿಗೆ ಇನ್ನೊಂದು ಅನುಕೂಲವಿದೆ. ಉದ್ಯಮಬಾಗದಲ್ಲಿ ಫೌಂಡ್ರಿ, ಲೇತ್, ಬೋರಿಂಗ್, ಗ್ರೈಂಡಿಂಗ್ ಎಲ್ಲ ಅಕ್ಕಪಕ್ಕ ಸಿಗುತ್ತವೆ. ಕೂದಲೆಳೆಯ ವ್ಯತ್ಯಾಸವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಹಿಡಿದು ಕೆಲಸ ಮಾಡುವವರು ಇರುವ ಊರಿದು. ಸಾಮಾನು ಇಲ್ಲಿ ಸಿಗದಿದ್ದರೆ ಒಂದು ಕಡೆ ಹುಬ್ಬಳ್ಳಿ, ಇನ್ನೊಂದು ಕಡೆ ಕೊಲ್ಲಾಪುರ, ಎರಡೂ ಸುಮಾರು ಎರಡು ತಾಸಿನ ದಾರಿ. ಅಲ್ಲೂ ಇಲ್ಲದ್ದಕ್ಕೆ ಬೆಂಗಳೂರಿನ ಜೆ.ಸಿ. ರೋಡ್ ಅಥವಾ ದೆಹಲಿಯ ಕರೋಲ್ ಬಾಗ್.

ಕಾಗದಪತ್ರ

ಆರ್‌ಸಿ ಇಲ್ಲದ ಗಾಡಿ ಎಷ್ಟು ಅಗ್ಗವಿದ್ದರೂ ಅದನ್ನು ಬಿಡಿಭಾಗದ ಲೆಕ್ಕದಲ್ಲೇ ಕೊಳ್ಳಿ, ಗಾಡಿ ಎಂದು ಕೊಳ್ಳಬೇಡಿ. ಮೊದಲು ನೋಡಬೇಕಾದ್ದು ಎರಡು ನಂಬರು: ಹ್ಯಾಂಡಲ್ ಕೆಳಗಿನ ಸ್ಟೀರಿಂಗ್ ಹೆಡ್ ಹತ್ತಿರದ ಚಾಸಿ ನಂಬರು, ಸಿಲಿಂಡರ್ ಬುಡದಲ್ಲಿ ಕ್ರ್ಯಾಂಕ್‌ಕೇಸಿನ (ಕ್ರ್ಯಾಂಕ್ ಕೂರುವ ಲೋಹದ ಪೆಟ್ಟಿಗೆ) ಮೇಲಿನ ಎಂಜಿನ್ ನಂಬರು. ಎರಡೂ ಆರ್‌ಸಿಗೆ ಹೊಂದಬೇಕು. ಉಜ್ಜಿ ಮತ್ತೆ ಕುಟ್ಟಿದ ಅಂಕಿಗಳ ಸುತ್ತ ಲೋಹ ತಗ್ಗಾಗಿರುತ್ತದೆ, ಅಂಕಿಗಳ ಸಾಲು ಸೊಟ್ಟ ಇರುತ್ತದೆ. ಅಲ್ಲಿಗೇ ಕೈಬಿಡಿ. ಬೇರೆ ಎಂಜಿನ್ ಕೂರಿಸಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು, ಆ ಎಂಜಿನ್ ಎಲ್ಲಿಂದ ಬಂತು ಎಂಬುದಕ್ಕೆ ರಸೀದಿ ಬೇಕು.

ನಮ್ಮ ಕಡೆ ಎಂಎಚ್-09 ನಂಬರಿನ ಗಾಡಿಗಳು ಬಹಳ. ಕೊಲ್ಲಾಪುರದ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಫಾರ್ಮ್ 28, ತರಿಸದೆ ಕೆಎ-22 ಆಗುವುದಿಲ್ಲ. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಅದರ ಮೇಲೆ ಆರ್‌ಸಿಯಲ್ಲಿ ಹೆಸರಿದ್ದವರ ಸಹಿ ಬೇಕು. ಅವರು ತೀರಿಕೊಂಡಿದ್ದರೆ ವಾರಸುದಾರರ ಕಾಗದ ಬೇಕಾಗುತ್ತದೆ, ಅದು ನಿಧಾನದ ಕೆಲಸ. 15 ವರ್ಷ ದಾಟಿದ ಗಾಡಿಯ ನೋಂದಣಿ 5 ವರ್ಷಕ್ಕೊಮ್ಮೆ ಫಾರ್ಮ್ 25ರಲ್ಲಿ ನವೀಕರಣವಾಗಬೇಕು. ಅವಧಿ ಮುಗಿದು ಎಷ್ಟೋ ಕಾಲವಾಗಿದ್ದರೆ ಶುಲ್ಕ, ದಂಡ, ಹಸಿರು ತೆರಿಗೆ ಕೂಡಿ ಎಷ್ಟಾಗುತ್ತದೆ ಎಂದು ಕೌಂಟರಿನಲ್ಲೇ ಕೇಳಿಕೊಂಡು ಆಮೇಲೆ ಗಾಡಿಯ ಬೆಲೆ ಚೌಕಾಶಿ ಮಾಡಿ. ಸೇನೆಯ ಹರಾಜಿನಿಂದ ಬಂದದ್ದು ಎಂದು ಹೇಳುವ ಗಾಡಿಗೆ ಹರಾಜಿನ ಮೂಲ ಪತ್ರ ತೋರಿಸಲು ಹೇಳಿ. ಕಂಟೋನ್ಮೆಂಟ್ ಇರುವ ಊರಿನಲ್ಲಿ ಈ ಮಾತು ಎಲ್ಲರ ಬಾಯಲ್ಲೂ ಇರುತ್ತದೆ, ಪತ್ರ ಕೆಲವರ ಹತ್ತಿರ ಮಾತ್ರ.

2021ರಲ್ಲಿ ಬಂದ ವಿಂಟೇಜ್ ನೋಂದಣಿಯ ಆಸೆಗೆ ಬೀಳಬೇಡಿ. 50 ವರ್ಷ ಮೀರಿದ, ಮೂಲ ರೂಪ ಉಳಿಸಿಕೊಂಡ ಗಾಡಿಗಳಿಗೆ ಅದು. ಹೊಸ ನೋಂದಣಿಗೆ ₹20,000 ಶುಲ್ಕ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್ ತುಂಬಿಸಲು, ದುರಸ್ತಿಗೆ ಒಯ್ಯಲು ರಸ್ತೆಗೆ ಇಳಿಸಬಹುದು. ದಿನನಿತ್ಯದ ಓಡಾಟಕ್ಕೆ ಅನುಮತಿ ಇಲ್ಲ. ಊರೂರು ಸುತ್ತುವವರಿಗೆ ಸಾದಾ ನೋಂದಣಿಯ ನವೀಕರಣವೇ ಸರಿ.

ಹಳೆಯದು ಯಾವುದು, ಹೊಸದು ಯಾವುದು

ಚೌಕಟ್ಟು, ಟಾಕಿ, ಮಡ್‌ಗಾರ್ಡ್, ಹಬ್, ಹೆಡ್‌ಲೈಟ್ ಡೂಮ್, ಗೇರ್‌ಬಾಕ್ಸ್ ಶೆಲ್, ಟೈಮಿಂಗ್ ಕವರ್, ರಾಕರ್ ಬಾಕ್ಸ್ – ಇವು ಹಳೆಯವೇ ಇರಲಿ. ಹಳೆಯ ತಗಡು ದಪ್ಪ, ಹಳೆಯ ಎರಕ ಗಟ್ಟಿ. ಬೇರಿಂಗ್, ಆಯಿಲ್ ಸೀಲ್, ಕೇಬಲ್, ಚೈನು, ಟೈರ್, ಬ್ರೇಕ್ ಲೈನಿಂಗ್, ಪೆಟ್ರೋಲ್ ಪೈಪ್, ವೈರಿಂಗ್ ಇವನ್ನು ಪುಕ್ಕಟೆ ಕೊಟ್ಟರೂ ಹಳೆಯದು ಒಲ್ಲೆ ಅನ್ನಿ. ಹತ್ತು ರೂಪಾಯಿ ಇದ್ದರೆ ನಾಲ್ಕು ಎಂಜಿನ್ನಿಗೆ, ಎರಡು ಬ್ರೇಕು-ಚಕ್ರಕ್ಕೆ, ಒಂದೂವರೆ ವೈರಿಂಗ್-ಇಗ್ನಿಷನ್ನಿಗೆ, ಒಂದು ಗೇರ್‌ಬಾಕ್ಸ್-ಕ್ಲಚ್ಚಿಗೆ. ಮಿಕ್ಕಿದ್ದರಲ್ಲಿ ಸೀಟು, ಬಣ್ಣ.

ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳನ್ನು ಬೇರೆ ಬೇರೆ ಅಂಗಡಿಯಿಂದ ತಂದು ಜೋಡಿ ಮಾಡಬೇಡಿ. ಬೇರಿಂಗ್ ಕೂರುವ ತೂತುಗಳು ಎರಡು ಹೋಳೂ ಜೋಡಿಯಾಗಿರುವಾಗಲೇ ಒಂದೇ ಗೆರೆಯಲ್ಲಿ ಕೊರೆದಂಥವು. ಜೋಡಿ ತಪ್ಪಿದರೆ ಕ್ರ್ಯಾಂಕ್ ಬಿಗಿಯಾಗುತ್ತದೆ, ಬೇರಿಂಗ್ ಬೇಗ ಹೋಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ ಒಂದು ತಾಸು ಬಿಡಿ. ಬಿರುಕಿದ್ದರೆ ಒಳಗಿನ ಎಣ್ಣೆ ಹೊರಬಂದು ಗೆರೆ ಕಾಣುತ್ತದೆ. ಸಿಲಿಂಡರ್ ಬುಡ, ಗೇರ್‌ಬಾಕ್ಸ್ ಸ್ಟಡ್‌ಗಳ ಸುತ್ತ, ಚೈನು ಕಡಿದು ಬಡಿಯುವ ಹಿಂಭಾಗ, ಡ್ರೈನ್ ಪ್ಲಗ್‌ನ ಆಟೆ (ತಿರುಪಿನ ಗೆರೆ) – ಈ ನಾಲ್ಕು ಜಾಗ ಮುಖ್ಯ.

ಕ್ರ್ಯಾಂಕ್

ಈ ಎಂಜಿನ್ನಿನ ಆಯುಷ್ಯ ಇರುವುದು ಬಿಗ್ ಎಂಡಿನಲ್ಲಿ, ಅಂದರೆ ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂಡುವ ಜಾಗದಲ್ಲಿ. ಹಳೆಯ ಬುಲೆಟ್ಟಿನಲ್ಲಿ ಅಲ್ಲಿ ರೋಲರ್ ಇಲ್ಲ, ತೇಲುವ ಬುಶ್ (ಪಿನ್ನಿಗೂ ರಾಡಿಗೂ ನಡುವೆ ಸಡಿಲವಾಗಿ ತಿರುಗುವ ಲೋಹದ ಬಳೆ) ಇದೆ. ಅದು ಬದುಕುವುದು ಒತ್ತಡದಲ್ಲಿ ಬರುವ ಎಣ್ಣೆಯಿಂದ ಮಾತ್ರ. ಸಿಲಿಂಡರ್ ತೆಗೆದು, ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಆಡಿದರೆ ತೊಂದರೆಯಿಲ್ಲ. ಮೇಲೆ ಕೆಳಗೆ ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಪಿನ್, ಬುಶ್, ರಾಡ್ ಮೂರೂ ಹೊಸದು ಹಾಕಿಸಬೇಕು. ಬುಶ್ ಒಂದನ್ನೇ ಬದಲಿಸಿ ಸವೆದ ಪಿನ್ ಉಳಿಸಿಕೊಂಡರೆ ಮಾಡಿದ ಖರ್ಚು ನೀರಿಗೆ ಹಾಕಿದಂತೆ.

ಹೊಸ ಪಿನ್ ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿದ ಮೇಲೆ ಕ್ರ್ಯಾಂಕನ್ನು ಎರಡು ಸೆಂಟರ್ ನಡುವೆ ಹಿಡಿದು ಡಯಲ್ ಇಟ್ಟು ತಿರುಗಿಸಬೇಕು. ಶಾಫ್ಟಿನ ಓಲಾಟ 0.05 ಮಿ.ಮೀ. ಒಳಗೆ ಬರಲಿ. "ಸುತ್ತಿಗೆಯಿಂದ ಕಣ್ಣಳತೆಗೆ ಸರಿ ಮಾಡಿದ್ದೇನೆ" ಎನ್ನುವ ಮಿಸ್ತ್ರಿಯ ಮಾತಿಗೆ ಒಪ್ಪಬೇಡಿ; ಡಯಲ್ಲಿನ ಮುಳ್ಳು ಎದುರಿಗೇ ನೋಡಿ. ಇದು ತಪ್ಪಿದ ಗಾಡಿ 60ರ ವೇಗದಲ್ಲಿ ಕಾಲುಮೆಟ್ಟು ನಡುಗಿಸುತ್ತದೆ, ಆ ನಡುಕಕ್ಕೆ ಯಾವ ರಬ್ಬರೂ ಔಷಧವಲ್ಲ.

ಎಣ್ಣೆಯ ಪಂಪು ತಿರುಗಿಸುವ ವರ್ಮ್ ನಟ್ ಉಲ್ಟಾ ಆಟೆಯದು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಸಾದಾ ನಟ್ ಎಂದು ಎಡಕ್ಕೆ ತಿರುಗಿಸಿ ಬಲ ಹಾಕಿದವರು ಶಾಫ್ಟಿನ ತುದಿ ಮುರಿದಿದ್ದಾರೆ. ಟೈಮಿಂಗ್ ಕವರಿನಿಂದ ಕ್ರ್ಯಾಂಕಿನ ತುದಿಗೆ ಎಣ್ಣೆ ದಾಟುವ ಜಾಗದಲ್ಲಿ ಒಂದು ಸಣ್ಣ ಸೀಲ್ ಇರುತ್ತದೆ. ಇಡೀ ಗಾಡಿಯಲ್ಲಿ ಅತಿ ಅಗ್ಗದ ಸಾಮಾನುಗಳಲ್ಲಿ ಅದೂ ಒಂದು. ಕವರ್ ಕೂರಿಸುವಾಗ ಅದು ಮಡಚಿದರೆ ಎಣ್ಣೆ ಬಿಗ್ ಎಂಡಿಗೆ ಹೋಗದೆ ಅಲ್ಲೇ ಸೋರಿ ಕ್ರ್ಯಾಂಕ್‌ಕೇಸಿನ ತಳಕ್ಕೆ ಇಳಿಯುತ್ತದೆ, ಹೊಸ ಬುಶ್ ಹೆಚ್ಚು ದೂರ ಹೋಗುವುದಿಲ್ಲ. ಕವರ್ ತೆಗೆದಾಗಲೆಲ್ಲ ಈ ಸೀಲ್ ಹೊಸದು ಹಾಕಿ. ಫಿಲ್ಟರ್ ಕೋಣೆಯನ್ನು ಮೊದಲೇ ಎಣ್ಣೆಯಿಂದ ತುಂಬಿ, ಸ್ಪಾರ್ಕ್ ಪ್ಲಗ್ ತೆಗೆದು, ಕವರಿನ ಫೀಡ್ ಪ್ಲಗ್ ಸಡಿಲಿಸಿ, ಅಲ್ಲಿ ಎಣ್ಣೆ ಉಕ್ಕುವವರೆಗೆ ಕಿಕ್ ಹೊಡೆಯಿರಿ. ಆಮೇಲೆಯೇ ಗಾಡಿ ಸ್ಟಾರ್ಟ್ ಮಾಡುವುದು. ಎಣ್ಣೆ 20ಡಬ್ಲ್ಯು50, ಎರಡು ಲೀಟರಿನ ಆಸುಪಾಸು.

ಸಿಲಿಂಡರಿಗೆ ಬಂದರೆ, ಪಿಸ್ಟನ್ ಮೊದಲು ಕೊಂಡು ಬೋರಿಂಗಿನವರ ಕೈಗೆ ಕೊಡಿ. 0.25, 0.50, 0.75, 1.00 ಮಿ.ಮೀ. ಓವರ್‌ಸೈಜ್ (ಮೂಲಕ್ಕಿಂತ ದೊಡ್ಡ ಅಳತೆಯವು) ಸಿಗುತ್ತವೆ, ಡಬ್ಬಿಯ ಮೇಲಿನ ಅಳತೆ ನಂಬಿ ಕೊರೆಯಬಾರದು, ಕೈಯಲ್ಲಿರುವ ಪಿಸ್ಟನ್ ಅಳೆದು ಕೊರೆಯಬೇಕು. ಪಿಸ್ಟನ್ನಿನ ಕೆಳಭಾಗದ, ಅಂದರೆ ಸ್ಕರ್ಟಿನ, ಹತ್ತಿರ 0.08ರಿಂದ 0.10 ಮಿ.ಮೀ. ಸಂದು ಇರಲಿ. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಓಡಿಸುವವರು ಬಿಗಿ ಫಿಟಿಂಗ್ ಕೇಳಬೇಡಿ. 40 ಡಿಗ್ರಿ ಬಿಸಿಲಲ್ಲಿ ಗಾಳಿಯಿಂದಲೇ ತಣಿಯುವ ಎಂಜಿನ್ ಹಿಡಿದುಕೊಳ್ಳುತ್ತದೆ. ರಿಂಗ್ ತುದಿಗಳ ಸಂದು 0.28 ಮಿ.ಮೀ.ಗಿಂತ ಕಡಿಮೆ ಆಗಬಾರದು. 1 ಮಿ.ಮೀ. ದಾಟಿ ಕೊರೆದ ಸಿಲಿಂಡರ್ ಸಿಕ್ಕರೆ ಒಳಗೆ ಹೊಸ ಕೊಳವೆ (ಸ್ಲೀವ್) ಹಾಕಿಸುವ ಖರ್ಚು ಸೇರಿಸಿಯೇ ಬೆಲೆ ಮಾತಾಡಿ.

ಎಣ್ಣೆ ಸೋರುವುದು ಬುಲೆಟ್ಟಿನ ಹುಟ್ಟುಗುಣ ಎಂಬ ಮಾತು ಅರ್ಧ ಮಾತ್ರ ಖರೆ. ಪಿಸ್ಟನ್ ಇಳಿಯುವಾಗ ಕ್ರ್ಯಾಂಕ್‌ಕೇಸಿನೊಳಗಿನ ಗಾಳಿ ಹೊರಹೋಗಲು ಬ್ರೀದರ್ ಇದೆ. ಅದರ ಬಾತುಕೋಳಿ ಕೊಕ್ಕಿನಂಥ ರಬ್ಬರ್ ಗಡುಸಾದರೆ ಒತ್ತಡ ಒಳಗೇ ಉಳಿದು ಎಲ್ಲ ಗ್ಯಾಸ್ಕೆಟ್ಟಿನಿಂದ ಎಣ್ಣೆ ತಳ್ಳುತ್ತದೆ. ಸೀಲಂಟ್ ಮೆತ್ತುವ ಮೊದಲು ಈ ರಬ್ಬರ್ ಬದಲಿಸಿ.

ಚೌಕಟ್ಟು, ಬ್ರೇಕು

ಬಣ್ಣ ಹಚ್ಚುವ ಮುಂಚೆ ಇಡೀ ಗಾಡಿಯನ್ನು ಒಮ್ಮೆ ಬರೀ ಮೈಯಲ್ಲೇ ಜೋಡಿಸಿ ನೋಡಿ. ಗುಜರಿ ಸಾಮಾನಿನ ತೂತುಗಳು ಸೇರುವುದಿಲ್ಲ, ಮಡ್‌ಗಾರ್ಡ್ ಟೈರಿಗೆ ತಾಕುತ್ತದೆ, ಲಗೇಜ್ ಕ್ಯಾರಿಯರಿಗೆ ಪಟ್ಟಿ ಬೆಸೆಯಬೇಕಾಗುತ್ತದೆ. ಇದೆಲ್ಲ ಬಣ್ಣದ ಮೇಲೆ ಮಾಡಿದರೆ ಬಣ್ಣದ ದುಡ್ಡು ಎರಡು ಸಲ. ಚಕ್ರ ಹಾಕಿ, ಹಿಂದಿನ ಟೈರಿನ ಎರಡೂ ಬದಿಗೆ ದಾರ ಎಳೆದು ಮುಂದಿನ ಟೈರಿಗೆ ತನ್ನಿ. ಎರಡಕ್ಕೂ 3.25-19 ಟೈರ್ ಇದ್ದರೆ ದಾರ ನಾಲ್ಕೂ ಕಡೆ ಒಂದೇ ಸಮ ಮುಟ್ಟಬೇಕು. ಮುಟ್ಟದಿದ್ದರೆ ಹಿಂದಿನ ಚಕ್ರ ಹಿಡಿದ ಸ್ವಿಂಗ್ ಆರ್ಮ್ ಅಥವಾ ಮುಂದಿನ ಫೋರ್ಕ್ ಸೊಟ್ಟ. ಬುಲೆಟ್ಟಿನಲ್ಲಿ ಎಂಜಿನ್ನೇ ಚೌಕಟ್ಟಿನ ಕೆಳಭಾಗದಂತೆ ಕೆಲಸ ಮಾಡುವುದರಿಂದ ಎಂಜಿನ್ ಪ್ಲೇಟಿನ ಬೋಲ್ಟು ಸಡಿಲವಿದ್ದರೂ ಗಾಡಿ ತೂಗಾಡುತ್ತದೆ. ತೂತು ಅಗಲವಾಗಿದ್ದರೆ ಬುಶ್ ಹಾಕಿಸಿ. ಪೌಡರ್ ಕೋಟ್ ಮಾಡಿಸುವವರು ಚಾಸಿ ನಂಬರಿನ ಮೇಲೆ ಟೇಪ್ ಹಚ್ಚಿಯೇ ಕೊಡಿ. ದಪ್ಪ ಪದರದಡಿ ನಂಬರು ಹೂತರೆ ಆರ್‌ಟಿಒ ತಪಾಸಣೆಯಲ್ಲಿ ಪೆನ್ಸಿಲ್ ಉಜ್ಜಿ ಛಾಪು ತೆಗೆಯಲು ಬರುವುದಿಲ್ಲ. ಅರ್ತಿಂಗ್ ಜಾಗಗಳಿಗೂ ಟೇಪ್ ಬೇಕು.

ಹಳೆಯ 6 ಇಂಚಿನ ಮುಂದಿನ ಡ್ರಮ್ ಇದ್ದರೆ ಮರುಯೋಚನೆ ಬೇಡ, ಎರಡೂ ಶೂ ಜೋರಾಗಿ ಕಚ್ಚುವ 7 ಇಂಚಿನ ಟ್ವಿನ್ ಲೀಡಿಂಗ್ ಶೂ ಹಬ್ಬನ್ನು ಪ್ಲೇಟು, ಸ್ಪಿಂಡಲ್ ಸಮೇತ ಹುಡುಕಿ. ಆಂಬೋಲಿ ಘಾಟ್ ಇಳಿಯುವಾಗ ಹಿಂದೆ ಲಗೇಜು, ಮುಂದೆ ಲಾರಿ ಇರುತ್ತದೆ. ಡ್ರಮ್ಮನ್ನು ಸ್ಪೋಕ್ ಕಟ್ಟಿದ ಮೇಲೆ, ಇಡೀ ಚಕ್ರ ಲೇತಿಗೆ ಹಿಡಿದು ಸ್ಕಿಮ್ ಮಾಡಿಸಬೇಕು, ಅಂದರೆ ಒಳಮೈ ತೆಳ್ಳಗೆ ಹೆರೆಸಬೇಕು. ಸ್ಪೋಕ್ ಬಿಗಿದಾಗ ಹಬ್ ಸ್ವಲ್ಪ ಎಳೆದುಕೊಳ್ಳುತ್ತದೆ. ಮೊದಲೇ ಕೊರೆದದ್ದು ಮತ್ತೆ ಅಂಡಾಕಾರ ಆಗುತ್ತದೆ, ಬ್ರೇಕ್ ಹಿಡಿದಾಗ ಲಿವರ್ ಮಿಡಿಯುತ್ತದೆ.

ಟಾಕಿ, ಕರೆಂಟು

ತುಕ್ಕು ಹಿಡಿದ ಟಾಕಿಗೆ ಆಸಿಡ್ ಬೇಕಿಲ್ಲ. ಸಕ್ಕರೆ ಕಾರ್ಖಾನೆಗಳ ಸೀಮೆ ನಮ್ಮದು, ದನದ ಮೇವಿಗೆ ಮಾರುವ ಕಾಕಂಬಿ ಸಾಕು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಕೂಡಿಸಿ ತುಂಬಿ, ಹತ್ತು-ಹದಿನೈದು ದಿನ ಮನೆಯಿಂದ ದೂರ ಇಡಿ, ವಾಸನೆ ಸಹಿಸಲಾಗದು. ತುಕ್ಕು ಬಿಡುತ್ತದೆ, ಗಟ್ಟಿ ಉಕ್ಕನ್ನು ತಿನ್ನುವುದಿಲ್ಲ. ಆದರೆ ಪೆಟ್ರೋಲ್ ಕಾಕ್, ಕಾರ್ಬುರೇಟರಿನಂಥ ಅಲ್ಯುಮಿನಿಯಂ, ಸತುವಿನ ಸಾಮಾನು ಅದರಲ್ಲಿ ಮುಳುಗಿಸಬೇಡಿ, ಹಾಳಾಗುತ್ತವೆ. ತೊಳೆದ ಮೇಲೆ ಕೂಡಲೇ ಒಣಗಿಸಿ ಪೆಟ್ರೋಲಿನಿಂದ ಒಳಗೆಲ್ಲ ತೋಯಿಸಿ, ಇಲ್ಲವಾದರೆ ಅದೇ ದಿನ ಮತ್ತೆ ಕೆಂಪು. ಈಗಿನ 20 ಶೇಕಡಾ ಎಥನಾಲ್ ಪೆಟ್ರೋಲಿಗೆ ಹಳೆಯ ರಬ್ಬರ್ ಪೈಪು, ಕಾರ್ಕ್ ಬಾಳಿಕೆ ಬರುವುದಿಲ್ಲ. ಎಥನಾಲ್ ತಡೆಯುವ ಪೈಪು ಕೇಳಿ ಹಾಕಿ. ಪೆಟ್ರೋಲ್-ಗಾಳಿಯ ಮಿಶ್ರಣ ತೆಳುವಾಗುವುದರಿಂದ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ಪ್ಲಗ್ಗಿನ ಬಣ್ಣ ನೋಡಿ: ಬಿಳಿಚಿದ್ದರೆ ಇನ್ನೂ ತೆಳು, ಕಾಫಿ ಪುಡಿ ಬಣ್ಣ ಬಂದರೆ ಸರಿ.

6 ವೋಲ್ಟ್ ಗಾಡಿಯನ್ನು 12ಕ್ಕೆ ಬದಲಿಸುವುದಾದರೆ ಕರೆಂಟು ಹುಟ್ಟಿಸುವ ರೋಟರ್ (ತಿರುಗುವ ಭಾಗ), ಸ್ಟೇಟರ್ (ಸುತ್ತಲಿನ ನಿಂತ ಭಾಗ), ರೆಗ್ಯುಲೇಟರ್, ಕಾಯಿಲ್, ಬಲ್ಬು, ಹಾರ್ನ್ ಎಲ್ಲ ಒಟ್ಟಿಗೆ ಬದಲಾಗಬೇಕು. ರೋಟರ್-ಸ್ಟೇಟರ್ ನಡುವೆ ಸುತ್ತಲೂ 0.2 ಮಿ.ಮೀ. ಫೀಲರ್ (ಸಂದು ಅಳೆಯುವ ತೆಳು ತಗಡು) ಹೋಗಬೇಕು, ಒಂದು ಕಡೆ ತಾಕಿದರೆ ಸ್ಟೇಟರ್ ಉಜ್ಜಿ ಸುಡುತ್ತದೆ. ಪಾಯಿಂಟ್ ಸಂದು 0.35ರಿಂದ 0.40 ಮಿ.ಮೀ. ಟೈಮಿಂಗ್: ವೇಗ ಏರಿದಂತೆ ಕಿಡಿಯನ್ನು ಮುಂಚೆಗೆ ತರುವ ಆಟೋ ಅಡ್ವಾನ್ಸ್ ಬಿಟ್ಟ ಸ್ಥಿತಿಯಲ್ಲಿ, ಪಿಸ್ಟನ್ ತುತ್ತತುದಿಗೆ 0.8 ಮಿ.ಮೀ. ಇರುವಾಗ ಪಾಯಿಂಟ್ ಆಗಷ್ಟೇ ತೆರೆಯಬೇಕು. ಪಾಯಿಂಟಿಗೆ ಅಡ್ಡಲಾಗಿ ಸಣ್ಣ ಬಲ್ಬು ಕಟ್ಟಿದರೆ, ತೆರೆದ ಕ್ಷಣ ಹತ್ತುತ್ತದೆ. ತಣ್ಣಗಿದ್ದಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ನಿಂತು, ಅರ್ಧ ತಾಸು ಬಿಟ್ಟರೆ ಮತ್ತೆ ಹತ್ತುವ ಗಾಡಿಯಲ್ಲಿ ಕಾರ್ಬುರೇಟರ್ ಬಿಚ್ಚುವ ಮೊದಲು ಕಂಡೆನ್ಸರ್ ಬದಲಿಸಿ ನೋಡಿ.

ಮೊದಲ 500 ಕಿ.ಮೀ.

50 ಕಿ.ಮೀ. ವೇಗ ದಾಟಬೇಡಿ, ಒಂದೇ ವೇಗದಲ್ಲೂ ಹಿಡಿದಿಡಬೇಡಿ. ಖಾನಾಪುರ, ಕಿತ್ತೂರು, ಗೋಕಾಕದಂಥ ಹತ್ತಿರದ ದಾರಿಗಳು ಇದಕ್ಕೆ ಸರಿ. ಹೆದ್ದಾರಿ 48ರ ನೇರ ಓಟ ಬೇಡ. 250 ಕಿ.ಮೀ. ಆದಾಗ ಒಂದು ಸಲ, 500 ಆದಾಗ ಇನ್ನೊಂದು ಸಲ ಎಣ್ಣೆ ಬದಲಿಸಿ. 500 ಮುಗಿದಾಗ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ ಬಿಗಿದು, ಟ್ಯಾಪೆಟ್ ನೋಡಿ: ವಾಲ್ವ್ ತೆರೆಯುವ ಕಡ್ಡಿ, ಅಂದರೆ ಪುಶ್‌ರಾಡ್, ಬೆರಳಿಂದ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು.

ದೂರ ಹೊರಡುವಾಗ ಪಾಯಿಂಟ್ ಸೆಟ್, ಕಂಡೆನ್ಸರ್, ಪ್ಲಗ್, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್, ಚೈನ್ ಲಾಕ್, ಟ್ಯೂಬು, ಅರ್ಧ ಲೀಟರ್ ಎಣ್ಣೆ ಇಟ್ಟುಕೊಳ್ಳಿ. ಪಾನಾಗಳು ಬ್ರಿಟಿಷ್ ಅಳತೆಯವೂ ಇರಲಿ, ಮಿಲಿಮೀಟರ್ ಪಾನಾ ಹಾಕಿ ನಟ್ಟಿನ ಮೂಲೆ ಸವೆಸಿದರೆ ದಾರಿಯಲ್ಲಿ ಬಿಚ್ಚಲಾಗದು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ಎಂಜಿನ್ನಿನೊಳಗಿನ ಎಣ್ಣೆಟಾಕಿಯ ಎಣ್ಣೆಯು ಪಂಪಿನ ಸಂದಿಯಿಂದ ಕ್ರ್ಯಾಂಕ್ ಕೋಣೆಗೆ ಇಳಿದಿರುತ್ತದೆ. ಆಗ ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಕಡಿಮೆ ಕಾಣುತ್ತದೆ, ಸ್ಟಾರ್ಟ್ ಮಾಡಿದರೆ ಬಿಳಿ-ನೀಲಿ ಹೊಗೆ ಬರುತ್ತದೆ. ಮೇಲಿಂದ ಹೊಸ ಎಣ್ಣೆ ಸುರಿಯಬೇಡಿ. ಐದಾರು ನಿಮಿಷ ಓಡಲು ಬಿಟ್ಟು, ಎಣ್ಣೆ ತನ್ನ ಜಾಗಕ್ಕೆ ಮರಳಿದ ಮೇಲೆ ಮತ್ತೆ ಅಳೆಯಿರಿ.