ಇನ್ನೊಂದು ಬೊಗಸೆ ಹಾಕಿದ್ರೆ ಮೀನು ಬೇಗ ಬೆಳೆಯಲ್ವಾ?

ನಮ್ಮ ಹೊಂಡದ ದಂಡೆ ಮೇಲೆ ನಿಂತವರೆಲ್ಲ ಒಂದಲ್ಲ ಒಂದು ಸಲ ಇದನ್ನು ಕೇಳುತ್ತಾರೆ. "ಇಷ್ಟೇನಾ ಹಾಕೋದು ಅಣ್ಣ? ಇನ್ನೊಂದು ಬೊಗಸೆ ಹಾಕಿದ್ರೆ ಬೇಗ ಬೆಳೆಯಲ್ವಾ?" ಕೋಳಿ, ಕುರಿ ಸಾಕಿದವರಿಗೆ ಹಾಗನ್ನಿಸುವುದು ಸಹಜ. ಕೋಳಿ ಬಿಟ್ಟ ಕಾಳು ಅಲ್ಲೇ ಬಿದ್ದಿರುತ್ತದೆ, ನಾಳೆ ತಿನ್ನುತ್ತದೆ. ನೀರಿಗೆ ಬಿದ್ದ ತಿಂಡಿಯನ್ನು ಹಾಗೆ ಗುಡಿಸಿ ತೆಗೆಯೋಕಾಗಲ್ಲ.

ಮೊದಲು ಮೀನಿನ ಹೊಟ್ಟೆ ವಿಷಯ. ನಾವು ಸಾಕುವ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಇವು ಯಾವುದಕ್ಕೂ ನಮ್ಮ ಹಾಗೆ ಜಠರ ಇಲ್ಲ. ಗಂಟಲು ದಾಟಿದರೆ ನೇರ ಕರುಳು. ಕೂಡಿಟ್ಟುಕೊಂಡು ನಿಧಾನವಾಗಿ ಅರಗಿಸುವ ಚೀಲವೇ ಇಲ್ಲ ಅಂದ ಮೇಲೆ, ಒಂದೇ ಸಲಕ್ಕೆ ಜಾಸ್ತಿ ತಿಂದದ್ದು ಅರ್ಧ ಅರಗಿ ಹೊರಗೆ ಹೋಗುತ್ತದೆ. ಅದಕ್ಕೇ ನಾನು ದಿನದ ತಿಂಡಿಯನ್ನು ಬೆಳಗ್ಗೆ ಒಂಬತ್ತೂವರೆಗೆ, ಮಧ್ಯಾಹ್ನ ಮೂರೂವರೆಗೆ ಎರಡು ಪಾಲು ಮಾಡಿ ಹಾಕುವುದು.

ಇದನ್ನು ನಾನು ಕಲಿತದ್ದು ಏಟು ತಿಂದು. ಎರಡನೇ ವರ್ಷ, ಬೇಗ ತೂಕ ಬರಲಿ ಅಂತ ಕಡ್ಲೆಕಾಯಿ ಹಿಂಡಿ, ತೌಡು ಧಾರಾಳವಾಗಿ ಸುರಿದೆ. ನೀರು ಗಾಢ ಹಸಿರಾಯಿತು. ನನಗೋ ಖುಷಿ! ಆಷಾಢದಲ್ಲಿ ಐದು ದಿನ ಬಿಸಿಲೇ ಬರಲಿಲ್ಲ. ಆರನೇ ದಿನ ನಸುಕಿನಲ್ಲಿ ಹೋಗಿ ನೋಡಿದರೆ ಹೊಂಡದ ತುಂಬ ಬಾಯಿಗಳು. ಮೀನೆಲ್ಲ ಮೇಲೆ ಬಂದು ಗಾಳಿ ಗುಟುಕಿಸುತ್ತಿದ್ದವು.

ಆಗಿದ್ದು ಇಷ್ಟು. ತಿನ್ನದೆ ಉಳಿದ ಹಿಂಡಿ ತಳದಲ್ಲಿ ಕೊಳೆಯುತ್ತದೆ, ಕೊಳೆಯೋಕೆ ಆಮ್ಲಜನಕ ಬೇಕು. ಹಿಂಡಿ, ಹಿಕ್ಕೆ ಎರಡೂ ಗೊಬ್ಬರವಾಗಿ ಪಾಚಿ ಹೆಚ್ಚುತ್ತದೆ. ಪಾಚಿ ಬಿಸಿಲಲ್ಲಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಬಳಸುತ್ತದೆ. ಮೋಡ ಮುಚ್ಚಿದರೆ ಹಗಲಿನ ಗಳಿಕೆ ಕಮ್ಮಿ, ರಾತ್ರಿಯ ಖರ್ಚು ಅಷ್ಟೇ. ಒಂದು ಲೀಟರ್ ನೀರಿನಲ್ಲಿ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ಗೆಂಡೆ ಮೀನು ಆರಾಮ, 3ಕ್ಕಿಂತ ಇಳಿದರೆ ಒದ್ದಾಟ. ಅದು ತೀರಾ ಇಳಿಯುವುದು ಸೂರ್ಯ ಹುಟ್ಟುವ ಮುಂಚೆ.

ಓಡಿ ಬೋರ್‌ವೆಲ್ ಆನ್ ಮಾಡಿದೆ. ನೆಲದಡಿಯ ನೀರಿನಲ್ಲೂ ಆಮ್ಲಜನಕ ಕಮ್ಮಿಯೇ ಅಂತ ಆಗ ಗೊತ್ತಿರಲಿಲ್ಲ. ಪೈಪ್ ಬಾಯಿಯನ್ನು ಎತ್ತರಕ್ಕೆ ಕಟ್ಟಿ, ನೀರು ಚದುರಿ ಬೀಳುವಂತೆ ಮಾಡಿದ ಮೇಲೆ ಸ್ವಲ್ಪ ಸುಧಾರಿಸಿತು. ಅಷ್ಟರಲ್ಲಿ ದೊಡ್ಡ ಕಾಟ್ಲಾಗಳು ಹೋಗಿದ್ದವು. ದೊಡ್ಡವೇ ಮೊದಲು ಹೋಗುತ್ತವೆ, ಅದೇ ಹೊಟ್ಟೆ ಉರಿಯುವುದು.

ಈಗ ಲೆಕ್ಕ ಇಟ್ಟೇ ಹಾಕುವುದು. ಹದಿನೈದು ದಿನಕ್ಕೊಮ್ಮೆ ಬೀಸು ಬಲೆ ಹಾಕಿ ಇಪ್ಪತ್ತು ಮೀನು ತೂಗುತ್ತೇನೆ. ಸಾವಿರ ಮೀನು, ಸರಾಸರಿ 200 ಗ್ರಾಂ ಅಂದರೆ ಹೊಂಡದಲ್ಲಿ 200 ಕಿಲೋ ಮೀನು. ನೂರಕ್ಕೆ 3ರಂತೆ ದಿನಕ್ಕೆ 6 ಕಿಲೋ ತಿಂಡಿ. ಮರಿಗಳಿಗೆ ಈ ಪಾಲು ಜಾಸ್ತಿ, ದೊಡ್ಡದಾದಂತೆ 2ಕ್ಕೆ ಇಳಿಸಬೇಕು. ಚಳಿಗಾಲದಲ್ಲಿ ನೀರು ತಣ್ಣಗಾದರೆ ಅದೂ ಹೆಚ್ಚೇ. ಹಿಂಡಿ ತೌಡಿನ ಉಂಡೆಯನ್ನು ತಟ್ಟೆಯಲ್ಲಿಟ್ಟು ನೀರಿಗೆ ಇಳಿಬಿಡುತ್ತೇನೆ. ಎರಡು ಗಂಟೆ ಬಿಟ್ಟು ಎತ್ತಿದಾಗ ಉಳಿದಿದ್ದರೆ ಮಾರನೇ ದಿನ ಕಮ್ಮಿ.

ನೀರು ನೋಡೋಕೆ ಮೊಣಕೈ ಸಾಕು. ಕೈಯನ್ನು ಮೊಣಕೈವರೆಗೆ ಮುಳುಗಿಸಿದಾಗ ಅಂಗೈ ಮಸುಕಾಗಿ ಕಾಣಬೇಕು. ಮಣಿಕಟ್ಟು ಮುಳುಗುವ ಮೊದಲೇ ಮಾಯವಾದರೆ ತಿಂಡಿ, ಗೊಬ್ಬರ ಎರಡೂ ಬಂದ್.

ಇನ್ನೊಂದು ಮಾತು. ನೀರು ಕೆಟ್ಟಿತು ಅಂತ ಗಾಬರಿಯಲ್ಲಿ ಸುಟ್ಟ ಸುಣ್ಣ ಸುರಿಯಬೇಡಿ. ತಿಂಡಿ ಹೆಚ್ಚಾದ ಹೊಂಡದಲ್ಲಿ ಅಮೋನಿಯಾ ಇರುತ್ತದೆ. ಸುಣ್ಣ ಬಿದ್ದು ನೀರು ಕ್ಷಾರವಾದರೆ ಅದರ ವಿಷ ಏರುತ್ತದೆ. ಮೊದಲು ತಿಂಡಿ ನಿಲ್ಲಿಸಿ, ಸಾಧ್ಯವಾದಷ್ಟು ನೀರು ಬದಲಿಸಿ.

ಮೋಡದ ದಿನ ಅರ್ಧ ಹಾಕುತ್ತೇನೆ. ಮೀನು ಮೇಲೆ ಬಂದು ಬಾಯಿ ಬಿಟ್ಟ ದಿನ ಏನೂ ಇಲ್ಲ. "ಪಾಪ, ಉಪವಾಸ ಇರ್ತಾವಲ್ಲೋ" ಅಂತ ಅಮ್ಮ ಮರುಗುತ್ತಾರೆ. ಎರಡು ದಿನ ತಿಂಡಿ ಇಲ್ಲದಿದ್ದರೆ ಗೆಂಡೆ ಸಾಯಲ್ಲ, ನೀರಲ್ಲೇ ಹುಳ, ಪಾಚಿ ಇದ್ದೇ ಇರುತ್ತದೆ ಅಂತ ಎಷ್ಟು ಹೇಳಿದರೂ ಅಷ್ಟೇ. ಸಂಜೆ ನಾನು ಆಚೆ ಹೋದದ್ದು ನೋಡಿಕೊಂಡು ಒಂದು ಹಿಡಿ ಅನ್ನ ಎಸೆದು ಬರುತ್ತಾರೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ.