ನಮ್ಮ ಗುಡ್ಡದ ಮೇಲೆ ಮರ ಯಾಕಿಲ್ಲ?

ನಮ್ಮೂರು ಕಳಸದ ಹತ್ತಿರ. ಮನೆಗೆ ಬಂದವರು ಜಗಲಿಯಲ್ಲಿ ಕೂತು, ಕುದುರೆಮುಖದ ಸಾಲು ನೋಡುತ್ತಾ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಮೇಲೆಲ್ಲ ಬರೀ ಹುಲ್ಲು ಇದೆಯಲ್ಲ, ಮರಗಳನ್ನೆಲ್ಲ ಕಡಿದುಬಿಟ್ಟರಾ?"

ಇಲ್ಲ. ಅಲ್ಲಿರುವುದು ಹುಲ್ಲಿನದೇ ಜಾಗ.

ಗುಡ್ಡವನ್ನು ಸ್ವಲ್ಪ ಹೊತ್ತು ಸುಮ್ನೆ ನೋಡಿ. ಬೆನ್ನಿನ ಮೇಲೆ ಹುಲ್ಲು. ಎರಡು ಬೆನ್ನುಗಳ ನಡುವಿನ ಮಡಿಕೆಯಲ್ಲಿ ದಟ್ಟ ಕಾಡು. ಅದೇ ಶೋಲಾ ಕಾಡು. ಬೆನ್ನಿನ ಮೇಲೆ ಮಣ್ಣು ತೆಳು, ಅದರಡಿ ಬಂಡೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಡಲ ಕಡೆಯ ಗಾಳಿ ನೇರವಾಗಿ ಬಂದು ಬಡಿಯುತ್ತದೆ. ಬೇಸಿಗೆಯಲ್ಲಿ ಅದೇ ಜಾಗ ಒಣಗಿ ಗರಿಗರಿಯಾಗುತ್ತದೆ. ಶೋಲಾ ಮರದ ಸಸಿಗೆ ನೆರಳು ಬೇಕು, ತೇವ ಬೇಕು. ಬಯಲಲ್ಲಿ ಅದು ಬದುಕುವುದು ಕಷ್ಟ. ಮಳೆಗೆ ಇಳಿದ ಮಣ್ಣು ನಿಲ್ಲುವ ಮಡಿಕೆಗಳಲ್ಲೇ ಅದಕ್ಕೆ ನೆಲೆ. ಅಲ್ಲೂ ಮರಗಳು ಗಿಡ್ಡ, ಕೊಂಬೆ ಸೊಟ್ಟ, ಮೈತುಂಬ ಪಾಚಿ.

ಬೆಂಕಿ ಹಾಕಿ, ದನ ಮೇಯಿಸಿ ಹೀಗಾಯಿತು ಅನ್ನುವವರಿದ್ದಾರೆ. ಕೆಲವು ಕಡೆ ಅದೂ ನಿಜ. ಆದರೆ ನೀಲಗಿರಿಯಲ್ಲೂ ಇಂಥದ್ದೇ ಬೆಟ್ಟಗಳಿವೆ. ಅಲ್ಲಿನ ಜೌಗಿನ ಹಳೆಯ ಮಣ್ಣನ್ನು ಪರೀಕ್ಷಿಸಿದಾಗ, 20,000 ವರ್ಷಗಳ ಹಿಂದೆಯೇ ಹುಲ್ಲುಗಾವಲು ಇತ್ತೆಂದು ಗೊತ್ತಾಯಿತು. ಮನುಷ್ಯ ಬೇಸಾಯ ಕಲಿಯುವ ಮೊದಲಿನ ಮಾತು ಅದು.

ಬೆಳಗಿನ ಮಂಜಿನಲ್ಲಿ ಕಾಟಿಗಳು ಈ ಹುಲ್ಲಿಗೆ ಬರುತ್ತವೆ, ಕಡವೆ ಬರುತ್ತದೆ. ಬಿಸಿಲೇರಿದಾಗ ಶೋಲಾದೊಳಗೆ ಸರಿಯುತ್ತವೆ. ಅವಕ್ಕೆ ಎರಡೂ ಬೇಕು. ಇನ್ನೂ ಕೆಳಗೆ, ಎತ್ತರದ ಮರಗಳ ಕಾಡಿನಲ್ಲಿರುವ ಸಿಂಗಳೀಕಕ್ಕೆ ಹುಲ್ಲಿನ ಹಂಗಿಲ್ಲ. ಅದು ಮರ ಬಿಟ್ಟು ನೆಲಕ್ಕಿಳಿಯುವುದೇ ಅಪರೂಪ. ಮಳೆ ಹಿಡಿದರೆ ಹುಲ್ಲಿನ ನಡುವೆ ಪುಟ್ಟಪುಟ್ಟ ಹೂಗಳು ಏಳುತ್ತವೆ. ಇಂಬಳದ ಹೆದರಿಕೆ ಬಿಟ್ಟು ಒಮ್ಮೆ ಬಗ್ಗಿ ನೋಡಬೇಕು!

ಒಂದು ವರ್ಷ ಪೇಟೆಯಿಂದ ಒಂದು ಗುಂಪು ಚೀಲ ತುಂಬ ಬೀಜದುಂಡೆ ತಂದಿತ್ತು. "ಬೋಳು ಗುಡ್ಡ" ಹಸಿರು ಮಾಡಬೇಕಂತೆ. ಅವರ ಮನಸ್ಸು ಒಳ್ಳೆಯದೇ. ಆದರೂ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಹುಲ್ಲಿನ ಮೇಲೆ ಹೊರಗಿನ ಮರ ತಂದು ನೆಟ್ಟರೆ ಏನಾಗುತ್ತದೆ ಎಂಬುದನ್ನು ನೀಲಗಿರಿ ನೋಡಿದೆ. ಅಲ್ಲಿ ನೆಟ್ಟ ವಾಟಲ್ ಮರ ತಾನೇ ಹಬ್ಬಿ, ಹುಲ್ಲುಗಾವಲನ್ನು ನುಂಗುತ್ತಾ ಹೋಯಿತು.

ನಮ್ಮ ಗುಡ್ಡಕ್ಕೆ ಗಾಯವೇ ಆಗಿಲ್ಲ ಅಂತಲ್ಲ. ಕಬ್ಬಿಣದ ಅದಿರಿಗಾಗಿ ಬೆಟ್ಟ ಅಗೆದರು. ಅದಿರನ್ನು ನೀರಿನಲ್ಲಿ ಕದಡಿ, ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಅದು ನಿಂತಿತು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ, ಅಲ್ವಾ? ಇಲ್ಲಿ ಅಗೆದ ಮಣ್ಣು ನಿಲ್ಲದೆ ಹೊಳೆಗೇ ಇಳಿಯುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಈ ಹುಲ್ಲಿನ ಬೇರು.

ನಮ್ಮ ಮನೆಗೆ ಪಂಪ್ ಇಲ್ಲ. ಹುಲ್ಲಿನ ಬೆನ್ನಿನ ಮೇಲೆ ಬಿದ್ದ ಮಳೆ ನೆಲಕ್ಕಿಂಗಿ, ಕೆಳಗಿನ ಶೋಲಾದಲ್ಲಿ ಅಬ್ಬಿಯಾಗಿ ಹೊರಬರುತ್ತದೆ. ಅಲ್ಲಿಂದ ಅಂಗಳದ ತೊಟ್ಟಿಗೆ ಪೈಪ್ ಎಳೆದಿದ್ದೇವೆ. ಮರ ಯಾಕಿಲ್ಲ ಎಂದು ಕೇಳಿದವರಿಗೆ ನಾನು ಮೊದಲು ಕೊಡುವುದು ಆ ನೀರನ್ನು. ಏಪ್ರಿಲ್‌ನಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ.