ಮೂರು ಸಲ ಹೊಡೆದುಹಾಕಿದ ಪ್ರಶ್ನೆ

ನವೆಂಬರ್ ಕೊನೆಯ ಒಂದು ಶನಿವಾರ ಬೆಳಗಿನ ಆರೂವರೆಗೆ ನಾನು ನನ್ನ ಆರು ಮಂದಿ ವಿದ್ಯಾರ್ಥಿಗಳೊಂದಿಗೆ ಆಲೂರು ತಾಲ್ಲೂಕಿನ ಒಂದು ಕಾಫಿ ಕಣದಲ್ಲಿ ನಿಂತಿದ್ದೆ. ಸಿಲ್ವರ್ ಮರಗಳ ನಡುವೆ ಮಂಜು ಇನ್ನೂ ಕರಗಿರಲಿಲ್ಲ. ಸಿಗ್ನಲ್ ಸಿಗುವ ಜಾಗವೆಂದರೆ ನೀರಿನ ಟ್ಯಾಂಕಿನ ಮೇಲ್ಭಾಗ ಮಾತ್ರವಾದ್ದರಿಂದ ಒಬ್ಬ ಹುಡುಗ ಅಲ್ಲಿಗೆ ಹತ್ತಿ ಮೊಬೈಲ್ ಇಟ್ಟು ಬಂದಿದ್ದ. ಕೆಳಗೆ ಮೂಟೆಗಳ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಅದರ ಪರದೆಯಲ್ಲಿ ಅಮೆರಿಕದ ಮಿಚಿಗನ್ ರಾಜ್ಯದ ಒಂದು ವಿಶ್ವವಿದ್ಯಾಲಯದ ಐವರು ಡಿಸೈನ್ ವಿದ್ಯಾರ್ಥಿಗಳು ಕಾಣುತ್ತಿದ್ದರು. ಅವರಿಗೆ ಅದು ಶುಕ್ರವಾರ ರಾತ್ರಿ ಎಂಟು ಗಂಟೆ.

ಹಾಸನದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ವಿಭಾಗದ ವಿದ್ಯಾರ್ಥಿಗಳಿಗೆ ನಾನು ಪಾಠ ಮಾಡುತ್ತೇನೆ. ಆ ವರ್ಷ ಎರಡೂ ಕಡೆಯ ವಿದ್ಯಾರ್ಥಿಗಳು ಒಂದೇ ತಂಡವಾಗಿ, ಒಬ್ಬರನ್ನೊಬ್ಬರು ನೇರವಾಗಿ ನೋಡದೆಯೇ, ಒಂದು ಸಾಧನವನ್ನು ವಿನ್ಯಾಸಗೊಳಿಸಿ ತಯಾರಿಸಬೇಕೆಂದು ನಿಗದಿಯಾಗಿತ್ತು. ನಮ್ಮವರು ಆರಿಸಿಕೊಂಡದ್ದು ಮನೆಮನೆಯ ಕಷ್ಟವನ್ನು. ಅರೇಬಿಕಾ ಕೊಯ್ಲು ನಡೆಯುವ ನವೆಂಬರಿನಿಂದ ಜನವರಿಯವರೆಗೆ ಕಣದಲ್ಲಿ ಒಣಗುವ ಪಾರ್ಚ್‌ಮೆಂಟ್ ಕಾಫಿಯ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಬೀಜದ) ತೇವಾಂಶ ಶೇಕಡಾ 10ರ ಆಸುಪಾಸಿಗೆ ಇಳಿಯಬೇಕು. ಅದಕ್ಕೆ ಒಳ್ಳೆಯ ಬಿಸಿಲಿದ್ದರೂ ವಾರಕ್ಕಿಂತ ಹೆಚ್ಚು ದಿನ ಬೇಕಾಗುತ್ತದೆ. ಅಷ್ಟರಲ್ಲಿ ಒಂದು ಅಕಾಲಿಕ ಮಳೆ ಬಿದ್ದರೆ ಬೀಜ ಬಣ್ಣಗೆಟ್ಟು ಬೂಸ್ಟು ಹಿಡಿಯುತ್ತದೆ. ಟಾರ್ಪಾಲು ಎಳೆಯಲು ನಾಲ್ಕು ಜನ ಬೇಕು, ಮಳೆ ಬರುವ ಹೊತ್ತಿಗೆ ಮನೆಯಲ್ಲಿ ನಾಲ್ಕು ಜನ ಇರುವುದಿಲ್ಲ. ಆದ್ದರಿಂದ ಕಬ್ಬಿಣದ ಪೈಪಿಗೆ ಟಾರ್ಪಾಲು ಸುತ್ತಿ, ಹಿಡಿಕೆ ತಿರುಗಿಸಿ ಒಬ್ಬರೇ ಕಣ ಮುಚ್ಚುವಂತಹ ಸಾಧನವೊಂದನ್ನು ಮಾಡಬೇಕೆಂದುಕೊಂಡೆವು. 'ಒಬ್ಬರೇ' ಎಂಬುದು ಮಿಚಿಗನ್ನಿನ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯಿಂದ ಬಂದ ಮಾತು. ರಾತ್ರಿ ಮಳೆ ಬಂದರೆ ಮೊದಲು ಎದ್ದು ಹೊರಗೆ ಬರುವವರು ಯಾರು ಎಂದು ಅವಳು ವಿಚಾರಿಸಿದಾಗ, ನಮ್ಮ ಆಲೂರಿನ ಹುಡುಗಿ ಸ್ವಲ್ಪ ಯೋಚಿಸಿ "ನಮ್ಮಜ್ಜಿ" ಎಂದಿದ್ದಳು. ಅಲ್ಲಿಂದ ಮುಂದೆ ಹಿಡಿಕೆಯ ಎತ್ತರ, ತಿರುಗಿಸಲು ಬೇಕಾದ ಬಲ, ಎಲ್ಲವೂ ಆ ಅಜ್ಜಿಯ ಅಳತೆಗೆ ನಿಗದಿಯಾದವು.

ಕೆಲಸದ ವೇಳೆ ಹೊಂದಿಸುವುದು ಸುಲಭವಿರಲಿಲ್ಲ. ನಮ್ಮ ಸಂಜೆ ಆರೂವರೆ ಅವರಿಗೆ ಬೆಳಗಿನ ಒಂಬತ್ತು. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಗ ಅದೇ ಒಂಬತ್ತು ನಮಗೆ ಏಳೂವರೆಯಾಗುತ್ತದೆ, ಆಲೂರು, ಅರಕಲಗೂಡು ಕಡೆಯ ಮಕ್ಕಳಿಗೆ ಬಸ್ಸು ತಪ್ಪುತ್ತದೆ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳ ಜನಸಂದಣಿಯೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ಬರುತ್ತದೆ. ಇದನ್ನೆಲ್ಲ ಬರೆದು ತಿಳಿಸಿದ ಮೇಲೆ ಅವರೇ ತಮ್ಮ ಬೆಳಗಿನ ಎಂಟು ಗಂಟೆಗೆ ಬರಲು ಒಪ್ಪಿದರು.

ಅಳತೆಯ ವಿಷಯದಲ್ಲಿ ನಾನು ಮೊದಲೇ ಎಚ್ಚರ ವಹಿಸಿದ್ದೆ. ಭೂಸ್ಥಿರ ಕಕ್ಷೆಯ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಹಾಸನದಲ್ಲೇ ಇರುವುದರಿಂದ ಬಾಹ್ಯಾಕಾಶದ ಉದಾಹರಣೆ ನಮ್ಮ ಮಕ್ಕಳಿಗೆ ಬೇಗ ತಟ್ಟುತ್ತದೆ. 1999ರ ಸೆಪ್ಟೆಂಬರಿನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ನಾಶವಾದದ್ದು, ಒಂದು ತಂಡ ಪೌಂಡ್ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ತಂಡ ನ್ಯೂಟನ್ ಎಂದು ತಿಳಿದುಕೊಂಡದ್ದರಿಂದ ಎಂದು ಮೊದಲ ತರಗತಿಯಲ್ಲೇ ಹೇಳಿದ್ದೆ. ಆದ್ದರಿಂದ ಎಲ್ಲ ಅಳತೆಗಳೂ ಮಿಲಿಮೀಟರಿನಲ್ಲಿಯೇ ಇರಬೇಕೆಂಬುದು ನಮ್ಮ ಒಪ್ಪಂದದ ಮೊದಲ ಸಾಲಾಗಿತ್ತು. ಆ ಒಂದು ಬಾಗಿಲನ್ನು ಭದ್ರಪಡಿಸಿ, ಪಕ್ಕದ ಬಾಗಿಲನ್ನು ತೆರೆದೇ ಬಿಟ್ಟಿದ್ದೆವು.

ಕಣದಲ್ಲಿ ಪೈಪನ್ನು ಸ್ಟ್ಯಾಂಡುಗಳ ಮೇಲೆ ಕೂರಿಸಿ, ಹಿಡಿಕೆಯ ಬ್ರಾಕೆಟ್ಟನ್ನು ಬೋಲ್ಟ್ ಹಾಕಿ ಬಿಗಿದಾಗ ಅದು ಗೋಡೆಯ ಕಡೆಗೆ ಮುಖಮಾಡಿತು. ಹಿಡಿಕೆಯನ್ನು ಕಾಲು ಸುತ್ತು ತಿರುಗಿಸುವುದರೊಳಗೆ ಹುಡುಗನ ಬೆರಳ ಗೆಣ್ಣು ಗೋಡೆಗೆ ಉಜ್ಜಿತು. ಬಿಚ್ಚಿ ಮತ್ತೆ ಹಾಕಿದರೂ ಅಷ್ಟೇ. ಹೊರಮೈಗೆ ಬರಬೇಕಾಗಿದ್ದ ಬ್ರಾಕೆಟ್ಟಿನ ಕಿವಿ, ಅಂದರೆ ಅದರ ಚಾಚು, ಒಳಮೈಗೆ ಬಂದಿತ್ತು, ಕನ್ನಡಿಯಲ್ಲಿ ನೋಡಿದ ಹಾಗೆ. ಬಿ.ಎಂ. ರಸ್ತೆಯ ವೆಲ್ಡಿಂಗ್ ಅಂಗಡಿಯ ಮೇಸ್ತ್ರಿಯದೇನೂ ತಪ್ಪಿರಲಿಲ್ಲ. ನಮ್ಮ ಮಕ್ಕಳು ಬಿಡಿಸಿ ಹೇಳಿದಂತೆಯೇ ಅವರು ಮಾಡಿಕೊಟ್ಟಿದ್ದರು.

ನಕ್ಷೆಯ ಪ್ರತಿಯನ್ನು ಬಿಡಿಸಿ ನೋಡಿದೆ. ಮಿಚಿಗನ್ನಿನವರ ಮೂರು ಆಯಾಮದ ಫೈಲು ನಮ್ಮ ಲ್ಯಾಬಿನ ಹಳೆಯ ಆವೃತ್ತಿಯ ಸಾಫ್ಟ್‌ವೇರಿನಲ್ಲಿ ತೆರೆದಿರಲಿಲ್ಲ, ಅದಕ್ಕಾಗಿ ಅವರು ಎರಡು ಆಯಾಮದ ನಕ್ಷೆಯನ್ನು ಪಿಡಿಎಫ್ ಮಾಡಿ ಕಳಿಸಿದ್ದರು. ಕೆಳಮೂಲೆಯ ಶೀರ್ಷಿಕೆ ಚೌಕದಲ್ಲಿ, ತುದಿ ಕತ್ತರಿಸಿದ ಶಂಕು ಮತ್ತು ಅದರ ಪಕ್ಕದ ಎರಡು ವೃತ್ತಗಳ ಪುಟ್ಟ ಗುರುತು ಇತ್ತು. ಅದು ಥರ್ಡ್ ಆ್ಯಂಗಲ್ ಗುರುತು. ವಸ್ತುವಿನ ಒಂದೊಂದು ಪಕ್ಕದ ನೋಟವನ್ನು ಹಾಳೆಯ ಯಾವ ಕಡೆ ಬರೆಯಬೇಕೆಂಬುದಕ್ಕೆ ಇರುವ ಎರಡು ಪದ್ಧತಿಗಳಲ್ಲಿ ಅದೊಂದು. ಅಮೆರಿಕದಲ್ಲಿ ಬಳಕೆಯಲ್ಲಿರುವುದು ಆ ಪದ್ಧತಿ. ನಾವು, ಯುರೋಪಿನವರಂತೆ, ಮೊದಲ ವರ್ಷದಿಂದ ಕಲಿಸುವುದು ಫಸ್ಟ್ ಆ್ಯಂಗಲ್. ಅವರು ಎಡದಿಂದ ಕಂಡದ್ದನ್ನು ಎಡಕ್ಕೆ ಬರೆದಿದ್ದರು, ನಮ್ಮವರು ಅದನ್ನು ಬಲದಿಂದ ಕಂಡದ್ದೆಂದು ಓದಿದ್ದರು. ಆ ಗುರುತು ಪರೀಕ್ಷೆಯಲ್ಲಿ ಬಂದರೆ ನಮ್ಮ ಮಕ್ಕಳಲ್ಲಿ ಒಬ್ಬರೂ ತಪ್ಪುವುದಿಲ್ಲ. ನಕ್ಷೆಯನ್ನು ಅಂಗಡಿಗೆ ಕೊಡುವ ಮೊದಲು ಸಹಿ ಹಾಕಿದವನು ನಾನು, ನನ್ನ ಕಣ್ಣಿಗೂ ಅದು ಬಿದ್ದಿರಲಿಲ್ಲ. ಅದನ್ನು ಪರದೆಯ ಮುಂದೆಯೇ ಎಲ್ಲರಿಗೂ ಹೇಳಿದೆ.

ಆಗ ಆ ಕಡೆಯ ಪ್ರಾಧ್ಯಾಪಕಿ, ಯಾರಾದರೂ ಇದನ್ನು ಮೊದಲೇ ಗಮನಿಸಿದ್ದಿರಾ ಎಂದು ಕೇಳಿದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆಲೂರಿನ ಹುಡುಗಿ ತನ್ನ ಚೀಲದಿಂದ ನೋಟ್‌ಬುಕ್ಕನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಮಂಗಳವಾರದ ದಿನಾಂಕದ ಕೆಳಗೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಇತ್ತು: ಈ ನಕ್ಷೆ ಯಾವ ಆ್ಯಂಗಲ್‌ನಲ್ಲಿದೆ? ಒಮ್ಮೆ ಬರೆದು ಹೊಡೆದುಹಾಕಿ, ಅದರ ಕೆಳಗೆ ವಾಕ್ಯವನ್ನು ತಿದ್ದಿ ಮತ್ತೆ ಬರೆದು, ಅದನ್ನೂ ಹೊಡೆದುಹಾಕಿ, ಮೂರನೆಯ ಸಲ ಇನ್ನಷ್ಟು ವಿನಯವಾಗಿ ಬರೆದು, ಅದರ ಮೇಲೂ ಎರಡು ಗೆರೆ ಎಳೆದಿದ್ದಳು. ಮೂರನೆಯದರಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲ.

"ಯಾಕಮ್ಮ ಕೇಳಲಿಲ್ಲ?" ಎಂದೆ.

"ಅವರಿಗೆ ಗೊತ್ತಿರುತ್ತೆ ಅಂದ್ಕೊಂಡೆ ಸರ್. ಇಷ್ಟೂ ಗೊತ್ತಿಲ್ವಾ ಇವಳಿಗೆ ಅಂತಾರೇನೋ ಅನ್ನಿಸ್ತು."

ಅವಳೇ ಪರದೆಯ ಮುಂದೆ ಹೋಗಿ, ನಿಧಾನವಾದ ಇಂಗ್ಲಿಷಿನಲ್ಲಿ, ತಾನು ಮಂಗಳವಾರವೇ ನೋಡಿದ್ದಾಗಿಯೂ ಕೇಳಲಿಲ್ಲವೆಂದೂ ಹೇಳಿದಳು. ಆ ಕಡೆಯಿಂದ ಬಂದ ಉತ್ತರವನ್ನು ನಾನು ನಿರೀಕ್ಷಿಸಿರಲಿಲ್ಲ. ನಕ್ಷೆ ಬರೆದಿದ್ದ ಹುಡುಗ, ಫಸ್ಟ್ ಆ್ಯಂಗಲ್ ಎಂಬ ಹೆಸರನ್ನು ತಾನು ಕೇಳಿಯೇ ಇಲ್ಲ, ಲೋಕದಲ್ಲೆಲ್ಲ ತಮ್ಮಂತೆಯೇ ಬರೆಯುತ್ತಾರೆಂದು ತಿಳಿದಿದ್ದೆ, ಆ ಗುರುತನ್ನು ಸಾಫ್ಟ್‌ವೇರು ತಾನಾಗಿ ಹಾಕುತ್ತದೆ ಎಂದ. ಅದೇನೆಂದು ವಿವರಿಸಬಹುದೇ ಎಂದು ಅವಳನ್ನೇ ಕೇಳಿದ.

ಅವಳು ಸುತ್ತ ನೋಡಿ, ಒಂದು ಪಕ್ಕ ಹಿಡಿ ಮುರಿದಿದ್ದ ಬುಟ್ಟಿಯನ್ನು ಗೋಡೆಗಳು ಕೂಡುವ ಮೂಲೆಯಲ್ಲಿಟ್ಟಳು. ನಾವು ವಸ್ತುವಿನ ಈಚೆ ನಿಂತು, ಕಂಡದ್ದನ್ನು ಅದರ ಹಿಂದಿನ ಗೋಡೆಯ ಮೇಲೆ ಬರೆಯುತ್ತೇವೆ. ಹಾಗಾಗಿ ಎಡದಿಂದ ಕಂಡದ್ದು ಬಲಗೋಡೆಯ ಮೇಲೆ ಬೀಳುತ್ತದೆ ಎಂದು ಕೈಯಿಂದ ತೋರಿಸಿದಳು. ಆಮೇಲೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬುಟ್ಟಿಗೂ ತನ್ನ ಮುಖಕ್ಕೂ ನಡುವೆ ಹಿಡಿದು, ನೀವು ಈ ಗಾಜಿನ ಮೇಲೆ ಬರೆಯುತ್ತೀರಿ, ಎಡದಿಂದ ಕಂಡದ್ದು ಎಡಕ್ಕೇ ಉಳಿಯುತ್ತದೆ ಎಂದಳು. ಮುರಿದ ಹಿಡಿ ಒಂದು ಸಲ ಆ ಕಡೆ, ಇನ್ನೊಂದು ಸಲ ಈ ಕಡೆ ಬಂದದ್ದನ್ನು ಅಲ್ಲಿಯ ಐವರೂ ಪರದೆಗೆ ಮುಖವೊಡ್ಡಿ ನೋಡಿದರು. ಹದಿನೈದು ವರ್ಷಗಳಿಂದ ಇದನ್ನು ಕಪ್ಪುಹಲಗೆಯ ಮೇಲೆ ಪಾಠ ಮಾಡುತ್ತ ಬಂದಿದ್ದರೂ ಇಷ್ಟು ಸ್ಪಷ್ಟವಾಗಿ ನಾನು ಹೇಳಿದ್ದಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವಳ ಅಜ್ಜಿ, "ಮೇಷ್ಟ್ರೇ, ಇವಳು ಯಾರಿಗೆ ಪಾಠ ಹೇಳ್ತಾವಳೆ?" ಎಂದು ವಿಚಾರಿಸಿದರು.

ದೂರದ ತಂಡದಲ್ಲಿ ನಮ್ಮ ಮಕ್ಕಳ ಮೌನವನ್ನು ಏನೆಂದು ಓದಿಕೊಳ್ಳುತ್ತಾರೆ ಎಂಬುದು ಅಂದು ನನಗೆ ಮನವರಿಕೆಯಾಯಿತು. ತರಗತಿಯಲ್ಲಿ ಮುಖ ನೋಡಿದರೆ ಅರ್ಥವಾಗಿಲ್ಲವೆಂದು ನನಗೆ ತಿಳಿಯುತ್ತದೆ, ನಾನು ಮತ್ತೊಮ್ಮೆ ಹೇಳುತ್ತೇನೆ. ಕ್ಯಾಮೆರಾ ಮುಚ್ಚಿದ ಕರೆಯಲ್ಲಿ, ಹೆಬ್ಬೆರಳ ಚಿತ್ರವೊಂದನ್ನು ಒತ್ತಿ ಮುಗಿಸುವ ಸಂದೇಶದಲ್ಲಿ, ಅದೇ ಮೌನ ಒಪ್ಪಿಗೆಯಾಗಿಬಿಡುತ್ತದೆ. ಗುರುಹಿರಿಯರೆದುರು ತಗ್ಗಿ ನಡೆಯಬೇಕೆಂದು ನಾವೇ ಕಲಿಸಿದ ಮಕ್ಕಳು ಅವರು. ಅದರ ಹೊಣೆಯನ್ನು ಆ ಹುಡುಗಿಯೊಬ್ಬಳ ಮೇಲೆ ಹಾಕಲಾರೆ. ಅಂಕ ಕೊಡುವ ಕ್ರಮವನ್ನು ಆ ವಾರವೇ ಬದಲಾಯಿಸಿದೆ. ಪ್ರತಿಯೊಬ್ಬರೂ ವಾರಕ್ಕೊಂದು ಪ್ರಶ್ನೆಯನ್ನಾದರೂ ಎರಡೂ ಕಡೆಯವರು ಓದುವ ಕಡತದಲ್ಲಿ ಬರೆಯಬೇಕು, ಭಾಷೆ ಹೇಗಿದ್ದರೂ ಸರಿ, ಅಂಕ ಪ್ರಶ್ನೆಗೆ. ಉತ್ತರಕ್ಕೆ ಮಾತ್ರ ಅಂಕ ಕೊಟ್ಟು ರೂಢಿಯಾಗಿದ್ದ ನನಗೂ ಇದು ಹೊಸದು.

ಮೇಸ್ತ್ರಿ ಸೋಮವಾರ ಕಿವಿಯನ್ನು ಕತ್ತರಿಸಿ ಇನ್ನೊಂದು ಮೈಗೆ ಬೆಸೆದು ಕೊಟ್ಟರು. ಮಂಗಳವಾರ ಬೆಳಿಗ್ಗೆ ಕಡತ ತೆರೆದಾಗ ಮೊದಲ ಸಾಲಿನಲ್ಲೇ ಅವಳ ಪ್ರಶ್ನೆ ಇತ್ತು: ಪೈಪಿನ ತೂತಿನ ಹತ್ತಿರ 12 ಎಂದು ಬರೆದಿದೆ, ಅದು ತೂತಿನ ವ್ಯಾಸವೋ, ಒಳಗೆ ಹೋಗುವ ಬೋಲ್ಟಿನದೋ? ಮಿಚಿಗನ್ನಿನಿಂದ ಉತ್ತರ ಬರಲು ಎರಡು ದಿನ ಹಿಡಿಯಿತು. ಅದನ್ನು ಅವರೂ ಇನ್ನೂ ತೀರ್ಮಾನಿಸಿರಲಿಲ್ಲ.